ಲಿನಕ್ಸ್ ಅಪ್‌ಡೇಟ್ ಅರ್ಧಕ್ಕೆ ನಿಂತಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನಗೆ ಮಳೆಗಾಲ ಶುರುವಾದರೆ ಸಾಕು, ಒಂದೇ ಥರದ ಫೋನು: "ಅಪ್‌ಡೇಟ್ ಹಾಕಿದ್ದೆ ಸಾರ್, ಕರೆಂಟು ಹೋಯ್ತು, ಈಗ ಏನೇನೋ ತೋರಿಸ್ತಿದೆ." ಮಾಡುವವರು ಮೂಡಿಗೆರೆ, ಕಳಸ, ಕೊಪ್ಪ, ಆಲ್ದೂರು ಕಡೆಯ ತೋಟದ ಆಫೀಸಿನವರು, ಹೋಂಸ್ಟೇ ನಡೆಸುವವರು, ಮನೆಯಲ್ಲಿ ಓದುವ ಮಕ್ಕಳಿರುವವರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಾಗ ಇವರಲ್ಲಿ ಎಷ್ಟೋ ಜನ ಹಳೇ ಯಂತ್ರವನ್ನು ಗುಜರಿಗೆ ಹಾಕುವ ಬದಲು ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನುವ ಲಿನಕ್ಸ್ ವ್ಯವಸ್ಥೆ ಹಾಕಿಸಿಕೊಂಡರು. ಫೋನಲ್ಲಿ ನೂರು ಸಲ ಹೇಳಿದ್ದನ್ನು ಇಲ್ಲಿ ಒಂದು ಸಲ ಬರೆದಿಟ್ಟಿದ್ದೇನೆ. ಉಬುಂಟು, ಮಿಂಟ್, ಡೆಬಿಯನ್ ಮೂರಕ್ಕೂ ಇದು ಹೊಂದುತ್ತದೆ.

ಕಮಾಂಡ್‌ಗಳನ್ನೂ ಕನ್ನಡದಲ್ಲೇ ಬರೆದಿದ್ದೀರಲ್ಲ, ಹಾಗೇ ಟೈಪ್ ಮಾಡಬೇಕಾ?

ಇಲ್ಲ. ಫೋನಲ್ಲಿ ಹೇಳುವ ಹಾಗೆ ಬರೆದಿದ್ದೇನೆ, ಟರ್ಮಿನಲ್ ಅನ್ನುವ ಕಮಾಂಡ್ ಕಿಟಕಿಯಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಸುಡೋ ಅಂದರೆ ಎಸ್-ಯು-ಡಿ-ಒ, ಯಜಮಾನನ ಅಧಿಕಾರದಲ್ಲಿ ನಡೆಸು ಅಂತ. ಆಪ್ಟ್ ಅಂದರೆ ಎ-ಪಿ-ಟಿ, ಸಾಫ್ಟ್‌ವೇರ್ ಇಳಿಸಿ ತರುವ ಕಮಾಂಡ್. ಡಿಪಿಕೆಜಿ ಅಂದರೆ ಆ ನಾಲ್ಕೇ ಅಕ್ಷರ, ತಂದದ್ದನ್ನು ಕೂರಿಸುವ ಕಮಾಂಡ್. ಎರಡು ಅಡ್ಡಗೆರೆ ಕಂಡರೆ ನಡುವೆ ಜಾಗ ಬಿಡದೆ ಎರಡು ಸಲ ಒತ್ತಿ. ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಏನೂ ಮೂಡದಿದ್ದರೆ ಕೀಬೋರ್ಡ್ ಕೆಟ್ಟಿತು ಅಂದುಕೊಳ್ಳಬೇಡಿ. ಹೊಡೆದು ಎಂಟರ್ ಒತ್ತಿ, ಅಷ್ಟೆ.

ಅಪ್‌ಡೇಟ್ ನಡೆಯುವಾಗ ಕರೆಂಟು ಹೋಯಿತು. ಎಲ್ಲ ಹಾಳಾಯಿತಾ?

ಬಹುಪಾಲು ಸಲ ಇಲ್ಲ. ಅಪ್‌ಡೇಟ್ ಅನ್ನುವುದು ಒಂದೇ ಕೆಲಸವಲ್ಲ, ಮೂರು. ಮೊದಲು ಯಾವ್ಯಾವುದಕ್ಕೆ ಹೊಸ ಆವೃತ್ತಿ ಬಂದಿದೆ ಅನ್ನುವ ಪಟ್ಟಿ ತರುತ್ತದೆ. ಆಮೇಲೆ ಆ ಸಾಫ್ಟ್‌ವೇರ್ ಕಟ್ಟುಗಳನ್ನು, ಅಂದರೆ ಪ್ಯಾಕೇಜುಗಳನ್ನು, ಇಳಿಸಿಕೊಳ್ಳುತ್ತದೆ. ಕೊನೆಗೆ ಬಿಚ್ಚಿ, ಹಳೆಯದರ ಜಾಗದಲ್ಲಿ ಕೂರಿಸಿ, ಹೊಂದಿಸುತ್ತದೆ. ಸಂತೆಗೆ ಚೀಟಿ ಬರೆಯುವುದು, ಸಾಮಾನು ಹೊತ್ತು ತರುವುದು, ಮನೆಗೆ ಬಂದು ಡಬ್ಬಿಗೆ ತುಂಬುವುದು ಇದ್ದ ಹಾಗೆ. ಮೊದಲೆರಡು ಹಂತದಲ್ಲಿ ಕರೆಂಟು ಹೋದರೆ ನಷ್ಟವೇನೂ ಇಲ್ಲ. ಅರ್ಧ ಇಳಿದ ಕಡತವನ್ನು ಆಪ್ಟ್ ಸಾಮಾನ್ಯವಾಗಿ ಅಲ್ಲಿಂದಲೇ ಮುಂದುವರಿಸುತ್ತದೆ. ಮೂರನೇ ಹಂತದಲ್ಲಿ ಹೋದರೂ ಯಾವ ಪ್ಯಾಕೇಜು ಎಲ್ಲಿಗೆ ನಿಂತಿತ್ತು ಅನ್ನುವ ಲೆಕ್ಕ ಡಿಪಿಕೆಜಿ ಹತ್ತಿರ ಇರುತ್ತದೆ.

ಒಂದು ಜುಲೈಯಲ್ಲಿ ಮೂಡಿಗೆರೆ ಕಡೆಯ ತೋಟದ ರೈಟರು ಫೋನ್ ಮಾಡಿದರು. ಹಿಂದೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು, ಮಾತೇ ಕೇಳುತ್ತಿಲ್ಲ. "ಸಾರ್, ಶನಿವಾರ ಬಟವಾಡೆ, ಆಳುಗಳ ಲೆಕ್ಕ ಎಲ್ಲ ಇದರಲ್ಲೇ ಇದೆ." ಪರದೆ ಮೇಲೆ ಏನಿದೆ ಓದಿ ಅಂದೆ. ಓದಿದರು: ಡಿಪಿಕೆಜಿ ವಾಸ್ ಇಂಟರಪ್ಟೆಡ್, ಯು ಮಸ್ಟ್ ಮ್ಯಾನ್ಯುಯಲಿ ರನ್... "ಮುಂದೆ?" "ಮುಂದೆ ಏನೋ ಒಂದು ಕಮಾಂಡ್ ಇದೆ ಸಾರ್." ಆ ಕಮಾಂಡೇ ಔಷಧಿ. ಕಾಯಿಲೆಯ ಹೆಸರಿನ ಪಕ್ಕದಲ್ಲೇ ಔಷಧಿ ಬರೆದು ಕೊಡುವ ಯಂತ್ರ ಇದು, ನಾವು ಗಾಬರಿಯಲ್ಲಿ ಸಾಲು ಪೂರ್ತಿ ಓದುವುದಿಲ್ಲ.

ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ

ಅದು ಮುಗಿದ ಮೇಲೆ ಇದು:

ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಆಮೇಲೆ ಎಂದಿನಂತೆ ಸುಡೋ ಆಪ್ಟ್ ಅಪ್‌ಡೇಟ್, ಸುಡೋ ಆಪ್ಟ್ ಅಪ್‌ಗ್ರೇಡ್. ಇದೇ ಅನುಕ್ರಮದಲ್ಲಿ ಮಾಡಿ. ಎರಡನೆಯದು ಏನಾದರೂ ತೆಗೆದು ಹಾಕುತ್ತೇನೆ ಅಂದರೆ ಆ ಪಟ್ಟಿ ಓದಿ ಆಮೇಲೆ ವೈ ಒತ್ತಿ. ಡೆಸ್ಕ್‌ಟಾಪನ್ನೇ ತೆಗೆಯುತ್ತೇನೆ ಅಂತ ಕೇಳಿದರೆ ಎನ್ ಒತ್ತಿ ನಿಲ್ಲಿಸಿ. ರೈಟರ ಯಂತ್ರ ಹತ್ತು ನಿಮಿಷದಲ್ಲಿ ಸರಿಹೋಯಿತು, ಬಟವಾಡೆಯೂ ಆಯಿತು.

ಹಾಗಾದರೆ ಮಳೆಗಾಲದಲ್ಲಿ ಅಪ್‌ಡೇಟ್ ಹಾಕುವುದೇ ಬೇಡವಾ?

ಹಾಕಿ. ಬ್ರೌಸರಿನ ಭದ್ರತಾ ತೇಪೆಗಳು ಮಳೆ ನಿಲ್ಲಲಿ ಅಂತ ಕಾಯುವುದಿಲ್ಲ. ಆದರೆ ಇಳಿಸುವುದನ್ನೂ ಕೂರಿಸುವುದನ್ನೂ ಬೇರೆ ಮಾಡಿ. ನಮ್ಮ ಕಡೆ ನೆಟ್ ನಿಧಾನ, ಇಳಿಯುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆ ಕರೆಂಟು ಎಷ್ಟು ಸಲ ಬಂದು ಹೋದರೂ ಚಿಂತೆಯಿಲ್ಲ.

ಸುಡೋ ಆಪ್ಟ್ ಅಪ್‌ಗ್ರೇಡ್ --ಡೌನ್‌ಲೋಡ್-ಓನ್ಲಿ

ಎಲ್ಲ ಇಳಿದ ಮೇಲೆ, ಕರೆಂಟು ನೆಟ್ಟಗಿರುವಾಗ ಅಥವಾ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರುವಾಗ ಬರೀ ಸುಡೋ ಆಪ್ಟ್ ಅಪ್‌ಗ್ರೇಡ್ ಕೊಟ್ಟರೆ ಕೂರಿಸುವ ಕೆಲಸ ಮಾತ್ರ ಉಳಿದಿರುತ್ತದೆ. ನೆಟ್ ಬೇಕಾಗುವುದಿಲ್ಲ, ಸಾಮಾನ್ಯವಾಗಿ ಕೆಲವೇ ನಿಮಿಷ. ಯುಪಿಎಸ್ ಇದೆ ಅನ್ನುವ ಧೈರ್ಯ ಬೇಡ. ಕೂಗುವುದಕ್ಕೆ ಶುರು ಮಾಡಿ ಎರಡೇ ನಿಮಿಷಕ್ಕೆ ಕೈಕೊಡುವ ಮುದಿ ಬ್ಯಾಟರಿಗಳನ್ನು ಬೇಕಾದಷ್ಟು ನೋಡಿದ್ದೇನೆ.

"ಕುಡ್ ನಾಟ್ ಗೆಟ್ ಲಾಕ್" ಅನ್ನುತ್ತಿದೆ. ಲಾಕ್ ಫೈಲ್ ಅಳಿಸಿಬಿಡಲಾ?

ಬೇಡ ಮಾರಾಯ್ರೆ. ಅಂತರ್ಜಾಲದಲ್ಲಿ ಹತ್ತು ಕಡೆ ಇದೇ ಸಲಹೆ ಸಿಗುತ್ತದೆ, ಹತ್ತೂ ಕಡೆ ಅದು ಕೆಟ್ಟ ಸಲಹೆಯೇ.

ಒಂದು ಸಲಕ್ಕೆ ಒಬ್ಬರೇ ಪ್ಯಾಕೇಜುಗಳಿಗೆ ಕೈ ಹಾಕಬೇಕು ಅನ್ನುವುದಕ್ಕೆ ಆ ಬೀಗ. ಬಾಗಿಲು ಹಾಕಿಕೊಂಡು ಒಳಗೆ ಯಾರೋ ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ. ಉಬುಂಟು ದಿನಾ ತಾನಾಗಿಯೇ ಭದ್ರತಾ ಅಪ್‌ಡೇಟ್ ಹಾಕಿಕೊಳ್ಳುತ್ತದೆ, ಅದರ ಹೊತ್ತು ಬೆಳಗ್ಗೆ 6 ಗಂಟೆ ಮತ್ತು ಆಸುಪಾಸು. ಆ ಹೊತ್ತಿಗೆ ಯಂತ್ರ ಆಫ್ ಆಗಿದ್ದರೆ ತಪ್ಪಿದ ಕೆಲಸವನ್ನು ಆನ್ ಮಾಡಿದ ಮೇಲೆ ಹಿಡಿಯುತ್ತದೆ. ನೀವು 9 ಗಂಟೆಗೆ ಆಫೀಸು ತೆರೆದು ಮೊದಲು ಮಾಡುವುದೂ ಅಪ್‌ಡೇಟೇ. ಇಬ್ಬರೂ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡಿರಿ, ಅಷ್ಟೇ ವಿಷಯ. ಸಂದೇಶದ ಕೊನೆಯಲ್ಲಿ ಪ್ರೊಸೆಸ್ ಸಂಖ್ಯೆಯೂ ಪಕ್ಕದಲ್ಲಿ ಅನ್‌ಅಟೆಂಡೆಡ್ ಅನ್ನುವ ಹೆಸರಿನ ತುಣುಕೂ ಇದ್ದರೆ ಇದೇ. ಒಂದು ಲೋಟ ಕಾಫಿ ಕುಡಿದು ಬನ್ನಿ, ಬೀಗ ತೆರೆದಿರುತ್ತದೆ.

ಬೀಗದ ಫೈಲು ಯಾರೂ ಹಿಡಿಯದಿದ್ದಾಗಲೂ ಅಲ್ಲೇ ಬಿದ್ದಿರುತ್ತದೆ. ಅದು ಇದೆ ಅನ್ನುವುದೇ ತೊಂದರೆಯಲ್ಲ, ಅದನ್ನು ಒಂದು ಪ್ರೋಗ್ರಾಂ ಹಿಡಿದಿದೆ ಅನ್ನುವುದು ವಿಷಯ. ರೀಸ್ಟಾರ್ಟ್ ಆದರೆ ಹಿಡಿತ ತಾನಾಗಿ ಬಿಟ್ಟು ಹೋಗುತ್ತದೆ, ಹಾಗಾಗಿ ಕರೆಂಟು ಹೋಗಿ ಬಂದ ಮೇಲೆ ಅಳಿಸುವ ಅಗತ್ಯವೇ ಇಲ್ಲ. ಅಳಿಸಿದರೆ ಆಗುವುದೇನೆಂದರೆ ಇಬ್ಬರು ಒಟ್ಟಿಗೆ ಒಳಗೆ ನುಗ್ಗುತ್ತಾರೆ.

ಹೊಸದರಲ್ಲಿ ನಾನೂ ಅಳಿಸಿದ್ದೇನೆ. ಗಿರಾಕಿ ಎದುರಿಗೇ ಕೂತಿದ್ದರು, ಬಸ್ಸಿಗೆ ಹೊತ್ತಾಯ್ತು ಅನ್ನುತ್ತಿದ್ದರು. ಅಳಿಸಿ ಅಪ್‌ಗ್ರೇಡ್ ಕೊಟ್ಟೆ, ಹಿಂದೆ ನಡೆಯುತ್ತಿದ್ದದ್ದೂ ನನ್ನದೂ ಕಲಸಿಕೊಂಡು ಡಿಪಿಕೆಜಿಯ ಲೆಕ್ಕದ ಪುಸ್ತಕವೇ ಹಾಳಾಯಿತು. /ವಾರ್/ಬ್ಯಾಕಪ್ಸ್ ಅನ್ನುವ ಫೋಲ್ಡರಿನಲ್ಲಿ ಡಿಪಿಕೆಜಿ.ಸ್ಟೇಟಸ್.0 ಹೆಸರಿನ ನಕಲು ಇರುತ್ತದೆ ಅಂತ ಆವತ್ತು ರಾತ್ರಿ ಕಲಿತೆ, ಅದರಿಂದಲೇ ಬಚಾವಾದೆ. ಅವರಿಗೆ ಕೊನೇ ಬಸ್ಸೂ ತಪ್ಪಿತು.

ಶೇಕಡಾ 60ರ ಹತ್ತಿರ ಬಂದು ಅಪ್‌ಡೇಟ್ ಅಲ್ಲಾಡುತ್ತಲೇ ಇಲ್ಲ. ಆಫ್ ಮಾಡಲಾ?

ಮೊದಲು ಅದು ನಿಮ್ಮನ್ನೇನಾದರೂ ಕೇಳುತ್ತಿದೆಯಾ ನೋಡಿ. ಕಿಟಕಿಯಲ್ಲಿ ಡೀಟೇಲ್ಸ್ ಅಂತ ಇರುವುದನ್ನು ಒತ್ತಿದರೆ ಒಳಗಿನ ಟರ್ಮಿನಲ್ ಕಾಣುತ್ತದೆ. ನೀವು ಬದಲಾಯಿಸಿದ ಸೆಟ್ಟಿಂಗ್ ಫೈಲಿನ ಹೊಸ ಆವೃತ್ತಿ ಬಂದಿದೆ, ಹಳೆಯದನ್ನು ಇಟ್ಟುಕೊಳ್ಳಲಾ ಹೊಸದನ್ನು ಹಾಕಲಾ ಅಂತ ಕೇಳಿ ಉತ್ತರಕ್ಕೆ ಕಾಯುತ್ತಾ ಕೂತಿರುತ್ತದೆ. ಗೊತ್ತಾಗದಿದ್ದರೆ ಎಂಟರ್ ಒತ್ತಿ, ಹಳೆಯದೇ ಉಳಿಯುತ್ತದೆ. ಕೆಲವು ಫಾಂಟ್ ಪ್ಯಾಕೇಜುಗಳು ಲೈಸೆನ್ಸ್ ಒಪ್ಪಂದ ತೋರಿಸಿ ನಿಲ್ಲುತ್ತವೆ. ಆ ಪರದೆಯಲ್ಲಿ ಮೌಸ್ ನಡೆಯದಿದ್ದರೆ ಟ್ಯಾಬ್ ಒತ್ತಿ ಓಕೆ ಮೇಲೆ ಬಂದು ಎಂಟರ್ ಹೊಡೆಯಬೇಕು.

ಏನೂ ಕೇಳುತ್ತಿಲ್ಲ, ಆದರೆ ಹಾರ್ಡ್ ಡಿಸ್ಕಿನ ದೀಪ ಮಿಣುಕುತ್ತಿದೆ ಅಂದರೆ ಕೆಲಸ ನಡೆಯುತ್ತಿದೆ. ಹಳೇ ಹಾರ್ಡ್ ಡಿಸ್ಕಿನಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ ಕೂರಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಪವರ್ ಬಟನ್ ಒತ್ತುವ ಮೊದಲು ಅರ್ಧ ಗಂಟೆಯಾದರೂ ಕೊಡಿ.

ಈಗ ಕಂಪ್ಯೂಟರ್ ಆನೇ ಆಗುತ್ತಿಲ್ಲ. ಕಪ್ಪು ಪರದೆಯಲ್ಲಿ ಕರ್ನಲ್ ಪ್ಯಾನಿಕ್ ಅಂತ ಬರುತ್ತಿದೆ.

ಪ್ಯಾನಿಕ್ ಆಗಿರುವುದು ಕರ್ನಲ್ ಮಾತ್ರ, ನೀವು ಆಗಬೇಡಿ. ಹೊಸ ಕರ್ನಲ್ ಅರ್ಧ ಕೂತಿದೆ, ಡಿಸ್ಕು ತೆರೆಯಲು ಅದರ ಜೊತೆಗಿರಬೇಕಾದ ಇನಿಟ್ರಾಮ್‌ಎಫ್‌ಎಸ್ ಕಡತ ತಯಾರಾಗುವ ಮೊದಲೇ ಕರೆಂಟು ಹೋಗಿದೆ. ಸಂದೇಶದಲ್ಲಿ ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಅನ್ನುವ ಮಾತಿದ್ದರೆ ಬಹುತೇಕ ಇದೇ ಕಾರಣ. ಹಳೇ ಕರ್ನಲ್ ಇನ್ನೂ ಡಿಸ್ಕಿನಲ್ಲೇ ಇದೆ. ಲಿನಕ್ಸ್ ಹೊಸದನ್ನು ಹಾಕುವಾಗ ಹಿಂದಿನದನ್ನು ತೆಗೆಯದೆ ಇಟ್ಟುಕೊಂಡಿರುವುದು ಇಂಥ ಹೊತ್ತಿಗೇ.

ಆನ್ ಮಾಡಿದ ತಕ್ಷಣ ಎಸ್ಕೇಪ್ ಕೀ ತಟ್ಟಿ, ಹಳೇ ಯಂತ್ರವಾದರೆ ಶಿಫ್ಟ್ ಒತ್ತಿ ಹಿಡಿಯಿರಿ. ಯಾವುದರಿಂದ ಶುರು ಮಾಡಲಿ ಅಂತ ಕೇಳುವ ಗ್ರಬ್ ಮೆನು ಬರುತ್ತದೆ. ಅದರಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಅನ್ನುವುದಕ್ಕೆ ಹೋಗಿ, ಎರಡನೆಯ ಸಂಖ್ಯೆಯ ಕರ್ನಲ್ ಆರಿಸಿ. ರಿಕವರಿ ಮೋಡ್ ಅಂತ ಇಲ್ಲದ್ದೇ ಸಾಕು. ಒಳಗೆ ಬಂದ ಮೇಲೆ ಮೊದಲಿನ ಎರಡು ಔಷಧಿ ಕೊಟ್ಟು, ಆಮೇಲೆ:

ಸುಡೋ ಅಪ್‌ಡೇಟ್-ಇನಿಟ್ರಾಮ್‌ಎಫ್‌ಎಸ್ -ಯು -ಕೆ ಆಲ್
ಸುಡೋ ಅಪ್‌ಡೇಟ್-ಗ್ರಬ್

ಇನ್ನೊಂದು ಥರ ಇದೆ: ಪರದೆ ಮೇಲೆ ಬ್ರಾಕೆಟ್ಟಿನೊಳಗೆ ಇನಿಟ್ರಾಮ್‌ಎಫ್‌ಎಸ್ ಅಂತ ಬರೆದು ಕರ್ಸರ್ ಕಾಯುತ್ತಾ ನಿಲ್ಲುವುದು. ಇದು ಅಪ್‌ಡೇಟ್ ತಪ್ಪಲ್ಲ, ಕರೆಂಟು ಹೋದಾಗ ಡಿಸ್ಕಿನ ಲೆಕ್ಕ ತಪ್ಪಿದ್ದು. ಯಾವ ಭಾಗ ಸರಿಯಿಲ್ಲ ಅಂತ ಮೇಲಿನ ಸಾಲಿನಲ್ಲೇ ಹೇಳಿರುತ್ತದೆ. ಅದು ಎಸ್‌ಡಿಎ2 ಅಂತಿದ್ದರೆ ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2 ಕೊಡಿ, ಮುಗಿದ ಮೇಲೆ ಎಕ್ಸಿಟ್ ಹೊಡೆಯಿರಿ. ಇದೇ ತೊಂದರೆ ಪದೇ ಪದೇ ಬಂದರೆ ಡಿಸ್ಕ್ ಸಾಯುತ್ತಿರಬಹುದು, ಮೊದಲು ಫೋಟೋ ಮತ್ತು ಲೆಕ್ಕಪತ್ರ ಪೆನ್‌ಡ್ರೈವಿಗೆ ತೆಗೆದಿಡಿ.

"ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಅಂತಿದೆ. ಡಿಸ್ಕಿನಲ್ಲಿ 300 ಜಿಬಿ ಖಾಲಿ ಇದೆಯಲ್ಲ?

ಡಿಎಫ್ -ಎಚ್ ಕೊಟ್ಟು /ಬೂಟ್ ಅನ್ನುವ ಸಾಲು ನೋಡಿ. ಇನ್‌ಸ್ಟಾಲ್ ಮಾಡುವಾಗ ಡಿಸ್ಕಿಗೆ ಪಾಸ್‌ವರ್ಡ್ ಹಾಕಿಸಿಕೊಂಡವರಿಗೆ ಬೂಟ್ ಬೇರೆಯದೇ ಚಿಕ್ಕ ಕೋಣೆ. ಹಳೇ ಕರ್ನಲ್‌ಗಳು ಸೇರಿ ಅದು ತುಂಬಿರುತ್ತದೆ. ಸುಡೋ ಆಪ್ಟ್ ಆಟೋರಿಮೂವ್ ಬೇಡದವನ್ನು ತೆಗೆಯುತ್ತದೆ. ಬೂಟ್ ಫೋಲ್ಡರಿಗೇ ಹೋಗಿ ಕೈಯಾರೆ ಫೈಲು ಅಳಿಸುವ ಕೆಲಸ ಮಾತ್ರ ಬೇಡ.

ತುಂಬಿರುವುದು ಮುಖ್ಯ ಡಿಸ್ಕೇ ಆದರೆ ಸುಡೋ ಆಪ್ಟ್ ಕ್ಲೀನ್ ಇಳಿಸಿಟ್ಟ ಪ್ಯಾಕೇಜುಗಳನ್ನು ಗುಡಿಸುತ್ತದೆ, ಸುಡೋ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ ಹಳೇ ಲಾಗುಗಳನ್ನು. ಉಳಿದದ್ದು ಸಾಮಾನ್ಯವಾಗಿ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಮರೆತು ಹೋದ ಸಿನಿಮಾಗಳು.

"ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಅಂದರೇನು?

ನಿಮ್ಮ ಗಡಿಯಾರ ಹಿಂದಿದೆ. ನಾಳೆ ಬರೆದ ಕಾಗದ ಇವತ್ತು ಹೇಗೆ ಬಂತು ಅಂತ ಆಪ್ಟ್ ಕೇಳುತ್ತಿದೆ. ಹಳೇ ಡೆಸ್ಕ್‌ಟಾಪುಗಳ ಮದರ್‌ಬೋರ್ಡಿನಲ್ಲಿ ಸಿಆರ್2032 ಅನ್ನುವ ನಾಣ್ಯದಂಥ ಬ್ಯಾಟರಿ ಇರುತ್ತದೆ. ಅದು ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ಯಂತ್ರ ದಿನಾಂಕ ಮರೆಯುತ್ತದೆ. ನೆಟ್ ಸಿಕ್ಕರೆ ತಾನೇ ಸರಿಮಾಡಿಕೊಳ್ಳುತ್ತದೆ, ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ ಕೊಟ್ಟು ಎರಡು ನಿಮಿಷ ಬಿಡಿ. ಬ್ಯಾಟರಿ ಬದಲಾಯಿಸುವುದು ಅಗ್ಗದ ಕೆಲಸ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಬ್ಯಾಟರಿಯನ್ನು ಬೈಯಬೇಡಿ. ಒಂದೇ ಯಂತ್ರದಲ್ಲಿ ವಿಂಡೋಸೂ ಇದೆ ಅಂತ ಅರ್ಥ. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರವನ್ನು ನಮ್ಮ ಊರಿನ ಸಮಯವಾಗಿ ಓದುತ್ತದೆ, ಲಿನಕ್ಸ್ ಅದನ್ನೇ ಗ್ರೀನಿಚ್ ಸಮಯವಾಗಿ ಓದುತ್ತದೆ.

ಹೋಂಸ್ಟೇ ವೈಫೈನಲ್ಲಿ "ನೋಸ್ಪ್ಲಿಟ್" ಅಂತ ಬರುತ್ತದೆ. ಮನೆಯಲ್ಲಿ ಬರಲ್ಲ.

ಆ ವೈಫೈ ಮೊದಲು ಒಂದು ಲಾಗಿನ್ ಪುಟ ತೋರಿಸುವಂಥದ್ದು. ಆಪ್ಟ್ ಪ್ಯಾಕೇಜುಗಳ ಪಟ್ಟಿ ಕೇಳಿದರೆ ವೈಫೈ ಅದರ ಕೈಗೆ ಲಾಗಿನ್ ಪುಟ ಕೊಟ್ಟಿದೆ. ಸಹಿ ತಾಳೆಯಾಗಲಿಲ್ಲ ಅಂತ ಆಪ್ಟ್ ತಳ್ಳಿತು, ಸರಿಯಾಗಿಯೇ ಮಾಡಿತು. ಬ್ರೌಸರ್ ತೆರೆದು ಲಾಗಿನ್ ಆಗಿ ಮತ್ತೆ ಪ್ರಯತ್ನಿಸಿ.

"ಹ್ಯಾಶ್ ಸಮ್ ಮಿಸ್‌ಮ್ಯಾಚ್" ಇದರ ದಾಯಾದಿ: ಬಂದ ಕಡತಕ್ಕೂ ಪಟ್ಟಿಯಲ್ಲಿ ಬರೆದಿದ್ದಕ್ಕೂ ಹೊಂದುತ್ತಿಲ್ಲ. ನಡುವೆ ಯಾರೋ ಹಳೇ ನಕಲು ಕೊಟ್ಟಿದ್ದಾರೆ, ಇಲ್ಲವೇ ಸರ್ವರ್ ಆಗಷ್ಟೇ ಹೊಸದಾಗುತ್ತಿದೆ. ಒಂದು ಗಂಟೆ ಬಿಟ್ಟು ನೋಡಿ. ಮತ್ತೂ ಬಂದರೆ ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್ ತೆರೆದು ಡೌನ್‌ಲೋಡ್ ಫ್ರಮ್ ಎಂಬಲ್ಲಿ ಮೇನ್ ಸರ್ವರ್ ಆರಿಸಿ.

"404 ನಾಟ್ ಫೌಂಡ್" ಬರುತ್ತಿದೆ.

ಮೊದಲು ಸುಡೋ ಆಪ್ಟ್ ಅಪ್‌ಡೇಟ್ ಕೊಟ್ಟಿದ್ದೀರಾ? ಹಳೇ ಪಟ್ಟಿ ಇಟ್ಟುಕೊಂಡು ಕೇಳಿದರೂ ಹೀಗೆ ಆಗುತ್ತದೆ. ಕೊಟ್ಟ ಮೇಲೂ ಎಲ್ಲ ಸಾಲಿಗೂ 404 ಬಂದರೆ ನಿಮ್ಮ ಉಬುಂಟುವಿನ ಆಯಸ್ಸು ಮುಗಿದಿರಬಹುದು. ಎಲ್‌ಟಿಎಸ್ ಅಂದರೆ 5 ವರ್ಷದ ಬೆಂಬಲ: 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ. ನಡುನಡುವೆ ಬರುವ ಆವೃತ್ತಿಗಳಿಗೆ 9 ತಿಂಗಳು ಮಾತ್ರ. ಹೊಸದು ಅಂತ ಆಸೆಪಟ್ಟು 24.10 ಹಾಕಿಕೊಂಡವರಿಗೆ 2025ರ ಜುಲೈಗೇ ಮುಗಿಯಿತು. ತೋಟದ ಆಫೀಸಿಗೆ, ಅಂಗಡಿಗೆ ಎಲ್‌ಟಿಎಸ್ ಬಿಟ್ಟು ಬೇರೆ ಹಾಕಬೇಡಿ. 20.04ರಲ್ಲೇ ಇರುವವರಿಗೆ ಉಬುಂಟು ಪ್ರೊ ನೋಂದಣಿ ಮಾಡಿದರೆ 2030ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಸ್ವಂತ ಬಳಕೆಗೆ 5 ಯಂತ್ರಗಳವರೆಗೆ ಅದು ಉಚಿತ.

ಕೆಲವು ಪ್ಯಾಕೇಜು "ಕೆಪ್ಟ್ ಬ್ಯಾಕ್" ಅಂತ ಉಳಿಯುತ್ತವೆ.

ಬಿಡಿ. ಉಬುಂಟು ಕೆಲವು ಅಪ್‌ಡೇಟುಗಳನ್ನು ಎಲ್ಲರಿಗೂ ಒಂದೇ ದಿನ ಕೊಡದೆ ಸ್ವಲ್ಪ ಸ್ವಲ್ಪ ಜನರಿಗೆ ಹಂಚುತ್ತಾ ಹೋಗುತ್ತದೆ, ಏನಾದರೂ ಕೆಟ್ಟರೆ ಎಲ್ಲರದ್ದೂ ಕೆಡದಿರಲಿ ಅಂತ. ನಿಮ್ಮ ಸರದಿ ನಾಲ್ಕು ದಿನದಲ್ಲಿ ಬರುತ್ತದೆ.

"ನೋ ಪಬ್‌ಕೀ" ಅಂತ ಒಂದು ಸಾಲು, ಉಳಿದದ್ದೆಲ್ಲ ಸರಿ.

ನೀವು ಹೊರಗಿನಿಂದ ಸೇರಿಸಿಕೊಂಡ ಯಾವುದೋ ಮೂಲದ ಸಹಿ ಬದಲಾಗಿದೆ, ಅಥವಾ ಆ ಮೂಲವೇ ಮುಚ್ಚಿದೆ. ಅದರಿಂದ ಈಗ ಉಪಯೋಗವಿಲ್ಲದಿದ್ದರೆ ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್ ಕಿಟಕಿಯ "ಅದರ್ ಸಾಫ್ಟ್‌ವೇರ್" ಟ್ಯಾಬಿನಲ್ಲಿ ಟಿಕ್ ತೆಗೆಯಿರಿ. ಬೇಕೇ ಬೇಕು ಅಂದರೆ ಆ ಸಾಫ್ಟ್‌ವೇರಿನವರ ಅಧಿಕೃತ ಪುಟದಿಂದಲೇ ಹೊಸ ಕೀ ತೆಗೆದುಕೊಳ್ಳಿ. ಎಲ್ಲೋ ಸಿಕ್ಕ ಕೀ ಹಾಕುವುದು ಅಂದರೆ ಗೊತ್ತಿಲ್ಲದವರಿಗೆ ಮನೆ ಬೀಗದಕೈ ಕೊಟ್ಟ ಹಾಗೆ.

ಅಪ್‌ಡೇಟ್ ಆದ ಮೇಲೆ ವೈಫೈ ಸತ್ತಿದೆ, ಅಥವಾ ಪರದೆ ದೊಡ್ಡದಾಗಿ ಕಾಣುತ್ತಿದೆ.

ಹೊಸ ಕರ್ನಲ್‌ಗೆ ಹೊರಗಿನ ಡ್ರೈವರ್ ಹೊಂದಿಲ್ಲ. ಗ್ರಬ್ ಮೆನುವಿನಿಂದ ಹಳೇ ಕರ್ನಲ್ ಆರಿಸಿದರೆ ಸದ್ಯಕ್ಕೆ ಕೆಲಸ ನಡೆಯುತ್ತದೆ. ಸಹಿ ಇಲ್ಲದ್ದನ್ನು ಒಳಗೆ ಬಿಡದ ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಡ್ರೈವರ್ ಹಾಕಿದ ಮೇಲೆ ಒಂದು ನೀಲಿ ಪರದೆ ಬರುತ್ತದೆ, ಎನ್‌ರೋಲ್ ಮಾಕ್ ಅಂತ. ಅಲ್ಲಿ ಎಲ್ಲರೂ ಗಾಬರಿಯಿಂದ ಕಂಟಿನ್ಯೂ ಬೂಟ್ ಒತ್ತಿಬಿಡುತ್ತಾರೆ. ಎನ್‌ರೋಲ್ ಮಾಕ್ ಆರಿಸದೆ ಹಾಗೆ ಮಾಡಿದರೆ ಡ್ರೈವರ್ ಡಿಸ್ಕಿನಲ್ಲಿದ್ದೂ ಕೆಲಸ ಮಾಡುವುದಿಲ್ಲ.

ಕನ್ನಡ ಟೈಪಿಂಗ್ ಹೋಯಿತು.

ಐಬಸ್-ಎಂ17ಎನ್ ಮತ್ತು ಫಾಂಟ್ಸ್-ಕೆಎನ್‌ಡಿಎ ಅನ್ನುವ ಎರಡೂ ಪ್ಯಾಕೇಜು ಇವೆಯಾ ನೋಡಿ, ಇಲ್ಲದಿದ್ದರೆ ಹಾಕಿ. ಲಾಗೌಟ್ ಆಗಿ ಬನ್ನಿ. ಹೆಚ್ಚಿನ ಸಲ ಅಷ್ಟರಲ್ಲೇ ಕೆಜಿಪಿ ಕೀಲಿಮಣೆ ವಾಪಸ್ ಬರುತ್ತದೆ.

ಮೊಬೈಲ್ ಹಾಟ್‌ಸ್ಪಾಟಿನ ಡೇಟಾ ಯಾರು ತಿನ್ನುತ್ತಿದ್ದಾರೆ?

ಉಬುಂಟುವಿನಲ್ಲಿ ಸಾಫ್ಟ್‌ವೇರ್ ತರುವ ಇನ್ನೊಂದು ದಾರಿಯಾದ ಸ್ನ್ಯಾಪ್ ಇರಬಹುದು. ಅದು ದಿನಕ್ಕೆ ನಾಲ್ಕು ಸಲ ತಾನಾಗಿ ಹುಡುಕಿ ಅಪ್‌ಡೇಟ್ ಮಾಡಿಕೊಳ್ಳುತ್ತದೆ. ಸುಡೋ ಸ್ನ್ಯಾಪ್ ರಿಫ್ರೆಶ್ --ಹೋಲ್ಡ್=72ಎಚ್ ಕೊಟ್ಟರೆ ಮೂರು ದಿನ ಸುಮ್ಮನಿರುತ್ತದೆ. ಶಾಶ್ವತವಾಗಿ ನಿಲ್ಲಿಸಬೇಡಿ, ನಿಮ್ಮ ಫೈರ್‌ಫಾಕ್ಸ್ ಕೂಡ ಅದರಲ್ಲೇ ಬರುತ್ತದೆ.

ಲ್ಯಾಬಿನಲ್ಲಿ 20 ಕಂಪ್ಯೂಟರ್ ಇವೆ. ಎಲ್ಲಕ್ಕೂ ಬೇರೆ ಬೇರೆ ಇಳಿಸಬೇಕಾ?

ಬೇಡ. ಒಂದು ಯಂತ್ರಕ್ಕೆ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿ, ಉಳಿದವಕ್ಕೆ ಅದರ ವಿಳಾಸ ಮತ್ತು 3142 ಪೋರ್ಟ್ ತೋರಿಸಿ. ಮೊದಲನೆಯದು ಹೊರಗಿನಿಂದ ತರುತ್ತದೆ, ಉಳಿದ ಹತ್ತೊಂಬತ್ತು ಒಳಗೇ ಪಡೆಯುತ್ತವೆ. ಪೆನ್‌ಡ್ರೈವಿನಲ್ಲಿ ಹೊತ್ತುಕೊಂಡು ಹೋಗುವವರಿಗೆ ಒಂದು ಮಾತು: ಆಪ್ಟ್ ಕಮಾಂಡ್ ಕೂರಿಸಿದ ಮೇಲೆ ಇಳಿಸಿದ್ದನ್ನು ಅಳಿಸಿಬಿಡುತ್ತದೆ, ಆಪ್ಟ್-ಗೆಟ್ ಉಳಿಸಿಕೊಳ್ಳುತ್ತದೆ.

ಫೆಡೋರಾ ಇದ್ದರೆ?

ಅಲ್ಲಿ ಆಪ್ಟ್ ಬದಲು ಡಿಎನ್‌ಎಫ್. ಸುಡೋ ಡಿಎನ್‌ಎಫ್ ಹಿಸ್ಟರಿ ಕೊಟ್ಟರೆ ನಡೆದ ವಹಿವಾಟುಗಳ ಪಟ್ಟಿ ಸಂಖ್ಯೆ ಸಮೇತ ಬರುತ್ತದೆ, ಅಂಡೂ ಜೊತೆ ಆ ಸಂಖ್ಯೆ ಕೊಟ್ಟರೆ ಹಿಂದಕ್ಕೆ ಹೋಗಲು ನೋಡುತ್ತದೆ. ನಮ್ಮ ಕಡೆ ಫೆಡೋರಾ ಬಳಸುವವರು ಸಾಮಾನ್ಯವಾಗಿ ನನಗೇ ಹೇಳಿಕೊಡುತ್ತಾರೆ.

ಫೋನ್ ಮಾಡುವ ಮೊದಲು ಏನು ತಯಾರು ಮಾಡಿಟ್ಟುಕೊಳ್ಳಬೇಕು?

ಕೊನೆಯ ಸಾಲಲ್ಲ, ಮೊದಲ ತಪ್ಪಿನ ಸಾಲು. ಕೆಳಗೆ ಬರುವ ಹತ್ತು ಸಾಲು ಮೊದಲನೆಯದರ ಮರಿಗಳು. ಇ ಅಕ್ಷರ ಮತ್ತು ಕೋಲನ್‌ನಿಂದ ಶುರುವಾಗುವುದು ತಪ್ಪು, ಡಬ್ಲ್ಯೂ ಇದ್ದರೆ ಬರೀ ಎಚ್ಚರಿಕೆ. ಕಿಟಕಿ ಮುಚ್ಚಿಬಿಟ್ಟಿದ್ದರೆ /ವಾರ್/ಲಾಗ್/ಆಪ್ಟ್ ಫೋಲ್ಡರಿನ ಟರ್ಮ್.ಲಾಗ್‌ನಲ್ಲಿ ಕೂರಿಸುವಾಗ ಆಗಿದ್ದೆಲ್ಲ ಇರುತ್ತದೆ. ಸಿಸ್ಟಮ್ಮನ್ನೇ ಕನ್ನಡದಲ್ಲಿ ಇಟ್ಟುಕೊಂಡವರು ನನ್ನ ಹಾಗೆ ಕೆಲವರಿದ್ದೀರಿ. ನಿಮಗೆ ಸಂದೇಶ ಅನುವಾದವಾಗಿ ಬಂದರೆ ಹುಡುಕಿದರೂ ಉತ್ತರ ಸಿಗುವುದಿಲ್ಲ. ಸುಡೋ ಎಲ್‌ಸಿ_ಆಲ್=ಸಿ ಆಪ್ಟ್ ಅಪ್‌ಡೇಟ್ ಅಂತ ಕೊಡಿ, ಇದರಲ್ಲಿ ಎಲ್‌ಸಿ_ಆಲ್ ಮತ್ತು ಕೊನೆಯ ಸಿ ದೊಡ್ಡಕ್ಷರ. ಆ ಒಂದು ಸಲಕ್ಕೆ ಇಂಗ್ಲಿಷಿನಲ್ಲಿ ಬರುತ್ತದೆ.

ಯಂತ್ರವನ್ನೇ ತರುವುದಾದರೆ ಸಿಪಿಯು ಡಬ್ಬ ಮಾತ್ರ ತನ್ನಿ. ಮಾನಿಟರ್, ಕೀಬೋರ್ಡ್ ನನ್ನಲ್ಲಿವೆ. ಚಾರ್ಮಾಡಿ ಕಡೆಯಿಂದ ಮಳೆಯಲ್ಲಿ ಬರುವವರು ಎರಡು ಪ್ಲಾಸ್ಟಿಕ್ ಸುತ್ತಿ. ಮತ್ತೆ ಪಾಸ್‌ವರ್ಡ್ ಗೊತ್ತಿರುವವರು ಜೊತೆಗೆ ಬನ್ನಿ, ಇಲ್ಲವೇ ಬಸ್ಸು ಹತ್ತುವ ಮೊದಲು ಮಗನನ್ನು ಕೇಳಿ ಚೀಟಿಯಲ್ಲಿ ಬರೆದುಕೊಂಡು ಬನ್ನಿ.